ಅಕ್ಕನ ರೊಟ್ಟಿ ಘಟಕಕ್ಕೆ ಟಿವಿಯವರು ಬರುತ್ತಿದ್ದಾರೆ, ಅವಳನ್ನು ಹೇಗೆ ತಯಾರು ಮಾಡಲಿ?

ಧಾರವಾಡದ_ತಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ, ಅದಕ್ಕೆ ನೇರವಾಗಿ ಕೇಳುತ್ತಿದ್ದೇನೆ.

ನಮ್ಮ ಅಕ್ಕ ಧಾರವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹಿತ್ತಲಲ್ಲಿ ಎರಡು ಒಲೆ ಹೂಡಿ ಶುರು ಮಾಡಿದ್ದು ಆರು ವರ್ಷದ ಹಿಂದೆ. ಈಗ ಅವಳ ಜೊತೆ ಎಂಟು ಜನ ಹೆಣ್ಣುಮಕ್ಕಳಿದ್ದಾರೆ. ದಿನಕ್ಕೆ ಸುಮಾರು 1,200 ರೊಟ್ಟಿ ಆಗುತ್ತದೆ, ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ. ಎರಡು ವರ್ಷದ ಹಿಂದೆ ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ಘಟಕಗಳಿಗಿರುವ ಕೇಂದ್ರದ ಯೋಜನೆಯಲ್ಲಿ ಸಾಲ ತೆಗೆದುಕೊಂಡು ಗಿರಣಿ, ಪ್ಯಾಕಿಂಗ್ ಮಷಿನ್ ಹಾಕಿಸಿದಳು.

ಮುಂದಿನ ಗುರುವಾರ ಒಂದು ಕನ್ನಡ ಚಾನೆಲ್‌ನವರು ಬರುತ್ತಿದ್ದಾರೆ. ಅದೇ ವಾರ ಒಂದು ಪತ್ರಿಕೆಯ ವರದಿಗಾರರೂ ಫೋನ್‌ನಲ್ಲಿ ಮಾತಾಡುತ್ತೇನೆ ಅಂದಿದ್ದಾರೆ.

ಅಕ್ಕ ಸಂತೆಯಲ್ಲಿ ನಿಂತರೆ ಅವಳ ಮಾತಿಗೇ ಜನ ಸೇರುತ್ತಾರೆ. ಆದರೆ ಮೊಬೈಲ್ ಎತ್ತಿ ಹಿಡಿದರೆ ಸಾಕು, ಮೈ ಬಿಗಿ ಮಾಡಿಕೊಂಡುಬಿಡುತ್ತಾಳೆ. ದೀಪಾವಳಿಗೆ ಊರಿಗೆ ಹೋದಾಗ ಒಂದು ವಿಡಿಯೋ ಮಾಡಲು ನೋಡಿದೆ. ಕೈ ಕಟ್ಟಿಕೊಂಡು ನಿಂತು, ಶಾಲೆಯಲ್ಲಿ ಭಾಷಣ ಒಪ್ಪಿಸಿದ ಹಾಗೆ ಎರಡು ಸಾಲು ಹೇಳಿ ನಿಲ್ಲಿಸಿದಳು. ಈಗ ದಿನಾ ರಾತ್ರಿ ಫೋನ್ ಮಾಡಿ ಕೇಳುವುದು ಒಂದೇ ಮಾತು: "ತಮ್ಮಾ, ಟಿವಿಯಾಗ ಬೆಂಗಳೂರು ಕನ್ನಡ ಮಾತಾಡಬೇಕೇನು? ನಂಗ ಅದು ಬರೂದಿಲ್ಲಲ್ಲೋ."

ನಾನು ಮಂಗಳವಾರ ಊರಿಗೆ ಹೋಗುತ್ತೇನೆ. ಉತ್ತರ ಎಲ್ಲ ಬರೆದುಕೊಟ್ಟು ಬಾಯಿಪಾಠ ಮಾಡಿಸಲಾ? ಅಥವಾ ಪಕ್ಕದಲ್ಲಿ ಕೂತು ಅವಳು ತಡವರಿಸಿದಾಗ ನಾನೇ ಮಾತಾಡಲಾ? ದುಡ್ಡಿನ ವಿಷಯ ಕೇಳಿದರೆ ಏನು ಹೇಳಬೇಕು? ಅನುಭವ ಇರುವವರು ಹೇಳಿ. ಆರು ವರ್ಷ ಹೊಗೆಯಲ್ಲಿ ಕೂತು ಕಟ್ಟಿದ ಕೆಲಸ ಅದು, ಎರಡು ನಿಮಿಷದ ಸುದ್ದಿಯಲ್ಲಿ ತಪ್ಪಾಗಿ ಹೋಗಬಾರದು.

ಹಳೇ_ವರದಿಗಾರ:

ಬರೆದುಕೊಡಬೇಡಿ. ಪಕ್ಕದಲ್ಲೂ ಕೂರಬೇಡಿ.

ನಾನು ಹದಿನಾಲ್ಕು ವರ್ಷ ಜಿಲ್ಲಾ ವರದಿಗಾರನಾಗಿದ್ದೆ, ಮೊದಲು ಪತ್ರಿಕೆ, ಆಮೇಲೆ ಟಿವಿ. ಬಾಯಿಪಾಠ ಮಾಡಿದವರು ಕಣ್ಣಲ್ಲೇ ಸಿಕ್ಕಿಬೀಳುತ್ತಾರೆ. ಮುಂದಿನ ಸಾಲು ಎಲ್ಲಿದೆ ಅಂತ ಹುಡುಕುತ್ತಿರುತ್ತಾರೆ. ನಡುವೆ ನಾವು ಬೇರೆ ಏನಾದರೂ ಕೇಳಿದರೆ ಎಲ್ಲ ಮರೆತು ನಿಲ್ಲುತ್ತಾರೆ. ಇನ್ನು ಪಕ್ಕದಲ್ಲಿ ಓದಿದ ತಮ್ಮ ಇದ್ದರೆ ಮೈಕ್ ತಾನಾಗಿ ಅವನ ಕಡೆ ತಿರುಗುತ್ತದೆ. ಅವಸರದಲ್ಲಿರುವ ವರದಿಗಾರನಿಗೆ ಬೇಗ ಉತ್ತರ ಕೊಡುವವರು ಬೇಕು, ಅಷ್ಟೇ. ಅಕ್ಕನ ಸ್ಟೋರಿ ಹೋಗಿ ತಮ್ಮನ ಸ್ಟೋರಿ ಆಗುತ್ತದೆ. ನೀವು ಹೊರಗೆ ನಿಂತು ಬಂದವರಿಗೆ ಚಹಾ ನೋಡಿಕೊಳ್ಳಿ.

ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಅಕ್ಕನಿಗೆ ಮೊದಲೇ ಹೇಳಿ, ಅರ್ಧ ಹೆದರಿಕೆ ಅದರಲ್ಲೇ ಹೋಗುತ್ತದೆ. ಅವರು ಒಂದು, ಒಂದೂವರೆ ಗಂಟೆ ಶೂಟ್ ಮಾಡಬಹುದು. ಸುದ್ದಿಯಲ್ಲಿ ಬರುವುದು ಎರಡು ಮೂರು ನಿಮಿಷ. ಅದರಲ್ಲಿ ಒಲೆ, ಹಂಚು, ರೊಟ್ಟಿಯ ಅಟ್ಟಿ ಎಲ್ಲ ತೋರಿಸಿ ವಾಯ್ಸ್ ಓವರ್ ಕೊಡುತ್ತಾರೆ. ಅಕ್ಕನ ಬೈಟ್, ಅಂದರೆ ಅವಳೇ ಮಾತಾಡುವ ತುಣುಕು, ಅಂತ ಉಳಿಯುವುದು ಮೂರೋ ನಾಲ್ಕೋ, ಒಂದೊಂದು ಹತ್ತು ಹದಿನೈದು ಸೆಕೆಂಡ್. ಅಂದರೆ ಅವಳು ಇಪ್ಪತ್ತು ನಿಮಿಷ ಚೆನ್ನಾಗಿ ಮಾತಾಡಬೇಕಾಗಿಲ್ಲ. ನಾಲ್ಕು ಪೂರ್ತಿ ವಾಕ್ಯ ಸಾಕು. ತಡವರಿಸಿದರೆ "ತಡೀರಿ, ಮತ್ತೊಮ್ಮೆ ಹೇಳ್ತೀನಿ" ಅನ್ನಬಹುದು, ಲೈವ್ ಅಲ್ಲದಿದ್ದರೆ ಯಾರೂ ಬೇಡ ಅನ್ನುವುದಿಲ್ಲ.

ಪೂರ್ತಿ ವಾಕ್ಯ ಅಂದೆ, ಯಾಕೆ ಅಂತ ಕೇಳಿ. ವರದಿಗಾರನ ಪ್ರಶ್ನೆಯನ್ನು ಎಡಿಟಿಂಗ್‌ನಲ್ಲಿ ತೆಗೆದುಹಾಕುತ್ತಾರೆ. "ಎಷ್ಟು ಜನ ಕೆಲಸಕ್ಕಿದ್ದಾರೆ?" ಅಂತ ಕೇಳಿದಾಗ ಅಕ್ಕ "ಎಂಟು" ಅಂದರೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. "ನಮ್ಮಲ್ಲಿ ಎಂಟು ಮಂದಿ ಹೆಣ್ಮಕ್ಕಳು ದಿನಾ ರೊಟ್ಟಿ ಬಡಿತಾರ್ರಿ" ಅಂದರೆ ಅದೇ ಬೈಟ್. ಮಂಗಳವಾರ, ಬುಧವಾರ ಎರಡೂ ದಿನ ಇದೊಂದನ್ನೇ ಅಭ್ಯಾಸ ಮಾಡಿಸಿ. ನೀವು ಪ್ರಶ್ನೆ ಕೇಳಿ, ಅವಳು ಪ್ರಶ್ನೆಯನ್ನೂ ಉತ್ತರದ ಒಳಗೆ ಸೇರಿಸಿ ಹೇಳಲಿ. ಪದಗಳು ಪ್ರತಿ ಸಲ ಬೇರೆ ಆಗಲಿ, ಒಳ್ಳೆಯದೇ.

ಭಾಷೆಯ ಚಿಂತೆ ಬಿಡಿಸಿ. ಅವಳ ಧಾರವಾಡದ ಮಾತೇ ಬೇಕು. ಬೆಂಗಳೂರು ಕನ್ನಡ ಮಾತಾಡಲು ಹೋದರೆ ಗಮನ ಎಲ್ಲ ಪದದ ಮೇಲೆ ಹೋಗಿ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ಮತ್ತೆ, ಕುರ್ಚಿಯಲ್ಲಿ ಕೂರಿಸಲು ಬಿಡಬೇಡಿ. ಒಂದು ಸಲ ಒಬ್ಬ ಕಂಬಳಿ ನೇಯುವ ಅಜ್ಜನ ಸಂದರ್ಶನಕ್ಕೆ ಹೋಗಿದ್ದೆ. ಮನೆಯವರು ಪ್ಲಾಸ್ಟಿಕ್ ಕುರ್ಚಿ ಹಾಕಿ, ಹೊಸ ಅಂಗಿ ತೊಡಿಸಿ ಕೂರಿಸಿದ್ದರು. ಇಪ್ಪತ್ತು ನಿಮಿಷ "ಹೂಂ", "ಹೌದ್ರಿ" ಬಿಟ್ಟು ಒಂದು ಮಾತಿಲ್ಲ. ಕ್ಯಾಮೆರಾದ ಹುಡುಗ ಸುಮ್ನೆ ಮಗ್ಗದ ಶಾಟ್ ತೆಗೆಯೋಣ ಅಂತ ಅಜ್ಜನನ್ನು ಮಗ್ಗಕ್ಕೆ ಇಳಿಸಿದ. ಕೈಗೆ ಲಾಳಿ ಬಂದದ್ದೇ ತಡ, ಅಜ್ಜ ಯಾರೂ ಕೇಳದೆಯೇ ಕುರಿ ಉಣ್ಣೆ, ಹುಣಸೆ ಬೀಜದ ಗಂಜಿ, ತನ್ನ ಅಪ್ಪನ ಕಾಲದ ಸಂತೆ ಅಂತ ಮಾತಾಡುತ್ತಾ ಹೋದ. ಆ ಸ್ಟೋರಿ ಪೂರ್ತಿ ಅಲ್ಲೇ ಸಿಕ್ಕಿತು. ಅಕ್ಕನನ್ನೂ ಒಲೆ ಮುಂದೆ ಕೂರಿಸಿ, ಕೈಯಲ್ಲಿ ಹಿಟ್ಟು ಇರಲಿ. ಆದರೆ ಎಂಟೂ ಜನ ಒಟ್ಟಿಗೆ ರೊಟ್ಟಿ ಬಡಿದರೆ ಆ ಸದ್ದಿನಲ್ಲಿ ಮಾತು ಮುಳುಗಿಹೋಗುತ್ತದೆ. ಮಾತಿನ ಹೊತ್ತು ಉಳಿದವರು ಕೈ ನಿಲ್ಲಿಸಲಿ, ಗಿರಣಿಯೂ ಬಂದ್ ಇರಲಿ. ಬಡಿಯುವ ಸದ್ದನ್ನು ಆಮೇಲೆ ಬೇರೆಯಾಗಿ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಕಾಲರ್ ಮೈಕ್ ಹಾಕಿದ ಮೇಲೆ ತೆಗೆಯುವ ತನಕ ಅದು ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಕ್ಯಾಮೆರಾ ಕೆಳಗಿಟ್ಟರು ಅಂತ ಪಕ್ಕದ ಊರಿನ ರೊಟ್ಟಿ ಘಟಕದವರ ಬಗ್ಗೆ, ಬ್ಯಾಂಕ್ ಮ್ಯಾನೇಜರ್ ಬಗ್ಗೆ ಮಾತು ಶುರು ಮಾಡಬಾರದು. ವರದಿಗಾರ ಗಾಡಿ ಹತ್ತಿ ಹೋಗುವ ತನಕ ಅದು ಸಂದರ್ಶನವೇ.

ಪತ್ರಿಕೆಯವರ ಫೋನ್ ಹಿಟ್ಟು ನಾದುವಾಗ ಬಂದರೆ ಹಾಗೇ ಮಾತಾಡಬೇಡಿ ಅನ್ನಿ. "ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನ್ರಿ" ಅಂತ ಹೇಳಿ, ಕೈ ತೊಳೆದು, ಅಂಕಿ ಬರೆದ ಚೀಟಿ ಮುಂದಿಟ್ಟುಕೊಂಡು ಕೂತು ಮಾತಾಡಲಿ. ಅಚ್ಚಿಗೆ ಮುಂಚೆ ಸುದ್ದಿ ತೋರಿಸಿ ಅಂದರೆ ಯಾರೂ ತೋರಿಸುವುದಿಲ್ಲ, ಕೇಳುವುದೂ ಸರಿಯಲ್ಲ. ಆದರೆ "ಹೆಸರು, ಊರು, ಅಂಕಿ ಒಮ್ಮೆ ಓದಿ ಹೇಳ್ರಿ ಸರ್" ಅಂತ ಕೇಳಬಹುದು. ಒಳ್ಳೆಯ ವರದಿಗಾರರು ಖುಷಿಯಿಂದ ಓದುತ್ತಾರೆ.

ತುಮಕೂರು_ಮಾಲ್ಟ್:

ಹಳೇ ವರದಿಗಾರರು ಹೇಳಿದ್ದೆಲ್ಲ ಸರಿ. ಆದರೆ ತಿನ್ನುವ ಪದಾರ್ಥ ಮಾಡುವವರಿಗೆ ಇದಕ್ಕಿಂತ ದೊಡ್ಡ ಗುಂಡಿ ಒಂದಿದೆ. ನಾನು ಅದರಲ್ಲಿ ಬಿದ್ದವಳು, ಅದಕ್ಕೆ ಬರೆಯುತ್ತಿದ್ದೇನೆ.

ನಂದು ರಾಗಿ ಮತ್ತು ಸಿರಿಧಾನ್ಯದ ಮಾಲ್ಟ್. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಆಗ ನಮ್ಮಂಥವರನ್ನು ಹುಡುಕಿಕೊಂಡು ಬಂದವರು ಜಾಸ್ತಿ. ಒಂದು ಚಾನೆಲ್‌ನವರು ಬಂದರು. ಮಾತು ಮುಗಿಯುವ ಹೊತ್ತಿಗೆ ಆ ಹುಡುಗಿ ನಗುತ್ತಾ "ಮೇಡಂ, ಇದು ಕುಡಿದರೆ ಶುಗರ್ ಕಡಿಮೆ ಆಗುತ್ತಂತೆ, ಹೌದಾ?" ಅಂದಳು. ನಾನು ತಲೆ ಆಡಿಸಿ "ಹೂಂ, ತುಂಬಾ ಜನ ಹಾಗೇ ಹೇಳುತ್ತಾರೆ" ಅಂದೆ. ಅಷ್ಟೇ. ಸಂಜೆ ಟಿವಿಯಲ್ಲಿ ಕೆಳಗೆ ಓಡಿದ ಸಾಲು: "ಶುಗರ್‌ಗೆ ರಾಮಬಾಣ ಈ ಮಾಲ್ಟ್". ನನ್ನ ಗಂಡ ಆ ಕ್ಲಿಪ್ಪನ್ನು ಖುಷಿಯಲ್ಲಿ ಎಲ್ಲ ವಾಟ್ಸಾಪ್ ಗುಂಪಿಗೂ ಹಾಕಿದರು, ಕೆಳಗೆ ನಮ್ಮ ಆರ್ಡರ್ ನಂಬರ್ ಕೂಡ ಬರೆದು.

ಮೂರು ವಾರಕ್ಕೆ ಒಬ್ಬರು ದೂರು ಕೊಟ್ಟು, ಅಧಿಕಾರಿಗಳು ವಿವರಣೆ ಕೇಳಿದರು. ಆಗ ತಿಳಿದದ್ದು ಇದು. ಸಂದರ್ಶನ ಜಾಹೀರಾತಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದೇ ಕ್ಲಿಪ್ ಇಟ್ಟುಕೊಂಡು ಮಾರಲು ಹೊರಟರೆ ಅದು ಜಾಹೀರಾತೇ ಆಗುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ಜನರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಇಂಥ ರೋಗ ವಾಸಿ ಆಗುತ್ತದೆ ಅಂತ ಹೇಳಿ ಔಷಧಿಯ ಹಾಗೆ ಮಾರುವುದರ ಮೇಲೆ 1954ರ ಇನ್ನೊಂದು ಕಾಯ್ದೆಯೇ ಇದೆ, ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಹೆಸರಿದೆ. ನಮ್ಮದು ಎಚ್ಚರಿಕೆಯಲ್ಲಿ ಮುಗಿಯಿತು, ಕ್ಲಿಪ್ ಎಲ್ಲ ಕಡೆಯಿಂದ ತೆಗೆಸಿದೆವು.

ದಂಡಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಒಬ್ಬ ಅಜ್ಜಿ ಫೋನ್ ಮಾಡಿ, ಟಿವಿ ನೋಡಿ ಮಾತ್ರೆ ಬಿಟ್ಟು ನಿಮ್ಮ ಮಾಲ್ಟ್ ಕುಡಿಯುತ್ತಿದ್ದೇನೆ ಅಂದರು. ನನಗೆ ಕೈ ನಡುಗಿತು. ಆಮೇಲೆ ಡಾಕ್ಟರ್ ಹತ್ತಿರ ಕೇಳಿದರೆ, ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗಿ ಶುಗರ್ ಬೇಗ ಏರಿಸಬಹುದು ಅಂದರು. ಆ ಅಜ್ಜಿಗೆ ನಾನೇ ವಾಪಸ್ ಫೋನ್ ಮಾಡಿ ಮಾತ್ರೆ ಶುರು ಮಾಡಿಸಿದೆ.

ನಿಮ್ಮ ಅಕ್ಕನಿಗೂ ಈ ಪ್ರಶ್ನೆ ಬಂದೇ ಬರುತ್ತದೆ. ಜೋಳದ ರೊಟ್ಟಿ ಅಂದರೆ ಶುಗರ್, ತೂಕ, ಮಂಡಿನೋವು ಎಲ್ಲದಕ್ಕೂ ಒಳ್ಳೆಯದಾ ಅಂತ ಕೇಳುತ್ತಾರೆ. ತಲೆ ಆಡಿಸಬಾರದು, "ಜನ ಹೇಳುತ್ತಾರೆ" ಅಂತಲೂ ಅನ್ನಬಾರದು. "ಅದು ಡಾಕ್ಟರ್ ಹೇಳಬೇಕ್ರಿ. ನಾನು ಹೇಳೂದು ಇಷ್ಟು, ಇದರಾಗ ಜೋಳ, ನೀರು ಬಿಟ್ಟು ಬ್ಯಾರೆ ಏನೂ ಇಲ್ಲ." ಈ ಮಾತು ಅವಳ ಬಾಯಲ್ಲಿ ತಾನಾಗಿ ಬರುವ ಹಾಗೆ ಮಾಡಿ. ಗ್ಲುಟನ್ (ಗೋಧಿಯಲ್ಲಿರುವ ಅಂಟಿನ ಅಂಶ) ಇಲ್ಲ ಅನ್ನುವ ಮಾತೂ ಹಾಗೇ. ಜೋಳದಲ್ಲಿ ಗ್ಲುಟನ್ ಇಲ್ಲ, ನಿಜ. ಆದರೆ ಅದೇ ಗಿರಣಿಯಲ್ಲಿ ಊರಿನವರ ಗೋಧಿಯನ್ನೂ ಬೀಸುತ್ತಿದ್ದರೆ ನಿಮ್ಮ ಹಿಟ್ಟಿಗೆ ಆ ಮಾತು ಹೇಳಬೇಡಿ.

ಬಣ್ಣದ_ಬುಗುರಿ:

ನಾನು ಚನ್ನಪಟ್ಟಣದವನು, ಗೊಂಬೆ ಕಾರ್ಖಾನೆ ಇದೆ, ಆರು ಜನ ಕೆಲಸ ಮಾಡುತ್ತೇವೆ. ನಮ್ಮೂರಿಗೆ ಕ್ಯಾಮೆರಾ ಬರುವುದು ಹೊಸದಲ್ಲ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಚನ್ನಪಟ್ಟಣದ ಹೆಸರು ಹೇಳಿದ ಮೇಲಂತೂ ಜಾಸ್ತಿಯಾಯಿತು. ಬಂದವರೆಲ್ಲ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಈ ಕಲೆ ಸಾಯುತ್ತಿದೆ ಅಲ್ವಾ?"

ಮೊದಲ ಸಲ ನಾನು ಮನಸ್ಸಿನಲ್ಲಿದ್ದದ್ದು ಹೇಳಿದೆ. ಹೌದು ಸರ್, ತುಂಬಾ ಕಷ್ಟ, ಹೊಸ ಹುಡುಗರು ಬರುತ್ತಿಲ್ಲ, ಹಾಲೆ ಮರದ ರೇಟು ಏರಿದೆ ಅಂತ. ಮರುದಿನ ಪತ್ರಿಕೆಯಲ್ಲಿ ನನ್ನ ಫೋಟೋ, ಮೇಲೆ "ಅಳಿವಿನಂಚಿನಲ್ಲಿ" ಅಂತ ಹೆಡ್ಡಿಂಗ್. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ನಮ್ಮಿಂದ ವರ್ಷಾ ಸರಕು ಒಯ್ಯುವ ಬೆಂಗಳೂರಿನ ಅಂಗಡಿಯವರು ಫೋನ್ ಮಾಡಿದರು, "ಮುಚ್ಚುತ್ತಿದ್ದೀರಂತೆ, ನಮ್ಮ ದಸರಾ ಆರ್ಡರ್ ಕತೆ ಏನು?" ಅಂತ. ಅವರನ್ನು ನಂಬಿಸಲು ನನಗೆ ಒಂದು ವಾರ ಹಿಡಿಯಿತು.

ಕಷ್ಟ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಕಷ್ಟ ಹೇಳಬೇಕು, ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ? ಆದರೆ ಹೇಳುವಾಗ ಅದರ ಪಕ್ಕದಲ್ಲೇ ಇವತ್ತು ಏನು ನಡೆಯುತ್ತಿದೆ ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿ. ಕತ್ತರಿಸಲು ಆಗದ ಹಾಗೆ. ಈಗ ನಾನು ಹೀಗೆ ಹೇಳುತ್ತೇನೆ: "ಹುಡುಗರು ಕಡಿಮೆ, ಆದರೂ ಇವತ್ತು ಈ ಲೇತ್ ಮೇಲೆ ಮುನ್ನೂರು ಬುಗುರಿ ಇಳಿದಿವೆ ನೋಡಿ." ಹೇಳುತ್ತಲೇ ಒಂದು ಬುಗುರಿ ಮಾಡಿ ತೋರಿಸುತ್ತೇನೆ. ಮರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಆ ಹೊಳಪು ಬರುವ ಗಳಿಗೆಯಲ್ಲಿ ಕ್ಯಾಮೆರಾದವರು ಸಾಯುವ ಕಲೆಯನ್ನು ಮರೆತು ಹತ್ತಿರ ಬರುತ್ತಾರೆ. ನಿಮ್ಮ ಅಕ್ಕನ ಹತ್ತಿರ ಹಂಚಿನ ಮೇಲೆ ಉಬ್ಬುವ ರೊಟ್ಟಿ ಇದೆ, ಅದಕ್ಕಿಂತ ಏನು ಬೇಕು?

ಧಾರವಾಡದ_ತಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಲ್ಟ್ ಅಕ್ಕಾ, ನೀವು ಬರೆದದ್ದನ್ನು ಫೋನ್‌ನಲ್ಲೇ ಓದಿ ಹೇಳಿದೆ, ಅಕ್ಕ ಸುಮಾರು ಹೊತ್ತು ಮಾತಾಡಲಿಲ್ಲ. ನಮ್ಮ ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆ, ಹಾಗಾಗಿ ಗ್ಲುಟನ್ ಮಾತು ಬಿಟ್ಟೆವು.

ಇನ್ನು ದುಡ್ಡಿನ ಪ್ರಶ್ನೆ ಉಳಿದಿದೆ. ವ್ಯಾಪಾರ ತಿಂಗಳಿಗೆ ಎರಡು, ಎರಡೂವರೆ ಲಕ್ಷ ಆಗುತ್ತದೆ. ಜೋಳ, ಕಟ್ಟಿಗೆ, ಕೂಲಿ, ಸಾಲದ ಕಂತು ಎಲ್ಲ ಕಳೆದರೆ ಕೈಗೆ ಉಳಿಯುವುದು ತೀರಾ ಕಡಿಮೆ. ಕಳೆದ ವರ್ಷ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂತು ಅಂತ ಸುದ್ದಿ ಕೇಳಿದಾಗಿನಿಂದ ಅಕ್ಕನಿಗೆ ಅಂಕಿ ಹೇಳುವುದು ಅಂದರೇ ಭಯ.

ಹಳೇ_ವರದಿಗಾರ:

ಭಯ ಸಹಜ. 2025ರ ಜುಲೈನಲ್ಲಿ ನಡೆದದ್ದು ನೋಡಿ ಎಷ್ಟೋ ಜನ ಕ್ಯೂಆರ್ ಕೋಡನ್ನೇ ಕಿತ್ತುಹಾಕಿದ್ದರು. ಆದರೆ ನೀವು ಹೇಳಿದ ಲೆಕ್ಕಕ್ಕೆ ವರ್ಷಕ್ಕೆ ಮೂವತ್ತು ಲಕ್ಷದ ಒಳಗೆ ಆಗುತ್ತದೆ, ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. ಆದರೂ ಆ ಅಂಕಿಯನ್ನು ಟಿವಿಯಲ್ಲಿ ಹೇಳುವ ಅಗತ್ಯ ಇಲ್ಲ. ಕಾರಣ ಬೇರೆ. ವಹಿವಾಟು, ಲಾಭ, ಗಳಿಕೆ ಈ ಮೂರೂ ಡೆಸ್ಕ್‌ನಲ್ಲಿ ಕಲಸಿಹೋಗುತ್ತವೆ. ಹೆಡ್ಡಿಂಗ್ ಕೊಡುವವರು ಊರಿಗೆ ಬಂದವರಲ್ಲ, ಆಫೀಸಿನಲ್ಲಿ ಕೂತವರು. "ತಿಂಗಳಿಗೆ ಎರಡೂವರೆ ಲಕ್ಷ ಗಳಿಸುವ ಮಹಿಳೆ" ಅಂತ ಬಂದರೆ, ನೆಂಟರು ಸಾಲ ಕೇಳುವುದು ಬಿಡಿ, ಜೊತೆಗೆ ಕೆಲಸ ಮಾಡುವ ಎಂಟು ಜನರೂ ಅಕ್ಕನ ಮುಖ ನೋಡುತ್ತಾರೆ. ಆ ನಂಬಿಕೆ ಒಡೆದರೆ ಘಟಕ ನಡೆಯುವುದಿಲ್ಲ.

ದುಡ್ಡಿನ ಬದಲು ರೊಟ್ಟಿಯ ಲೆಕ್ಕ ಕೊಡಿ. ದಿನಕ್ಕೆ 1,200 ರೊಟ್ಟಿ, ಇಷ್ಟು ಚೀಲ ಜೋಳ, ಎಂಟು ಜನರಿಗೆ ವರ್ಷಪೂರ್ತಿ ಕೆಲಸ. ವರದಿಗಾರನಿಗೆ ಅಂಕಿ ಬೇಕು, ಅಂಕಿ ಸಿಕ್ಕಿತು. ಮತ್ತೆ ಮತ್ತೆ ಆದಾಯ ಕೇಳಿದರೆ "ಅದು ಮನಿ ಲೆಕ್ಕ ಐತ್ರಿ, ಅದನ್ನ ಹೇಳಂಗಿಲ್ಲ" ಅಂತ ನಗುತ್ತಾ ಹೇಳಿ ಸುಮ್ಮನಾಗಲಿ. ಆಮೇಲೆ ವರದಿಗಾರ ಸುಮ್ಮನಿದ್ದರೂ ಅವಳೂ ಸುಮ್ಮನಿರಲಿ. ಆ ಮೌನ ತುಂಬಲು ಹೋಗಿ ಜನ ಹೇಳಬಾರದ್ದನ್ನು ಹೇಳುತ್ತಾರೆ, ನಾನೇ ಎಷ್ಟೋ ಸಲ ಹಾಗೆ ಕಾದು ಕೂತು ಮಾತು ಹೊರಡಿಸಿದ್ದೇನೆ.

ಯೋಜನೆಯ ವಿಷಯ ಮಾತ್ರ ಸರಿಯಾಗಿ ಹೇಳಲಿ. "ಸರ್ಕಾರ ಪುಕ್ಕಟೆ ಮಷಿನ್ ಕೊಟ್ಟಿತು" ಅಂತ ಬರಬಾರದು. ಪಿಎಂಎಫ್‌ಎಂಇಯಲ್ಲಿ ಕೇಂದ್ರದ ಸಹಾಯಧನ ಶೇ 35, ನಮ್ಮ ರಾಜ್ಯ ಅದರ ಮೇಲೆ ಶೇ 15 ಸೇರಿಸಿದೆ, ಉಳಿದದ್ದು ಬ್ಯಾಂಕ್ ಸಾಲ ಮತ್ತು ಕೈಯ ದುಡ್ಡು. "ಅರ್ಧ ಸಹಾಯಧನ, ಉಳಿದದ್ದಕ್ಕ ತಿಂಗಳಾ ಕಂತು ಕಟ್ಟಾಕತ್ತೀನ್ರಿ" ಅಂದರೆ ಸಾಕು. ಅದನ್ನು ಕೇಳಿದ ಇನ್ನೊಬ್ಬ ಹೆಣ್ಣುಮಗಳಿಗೂ ಉಪಯೋಗ ಆಗುತ್ತದೆ.

ಅಂದ ಹಾಗೆ, ಬರುವವರು ದುಡ್ಡು ಕೇಳಿದ್ದಾರಾ? ಸುದ್ದಿಗೆ ದುಡ್ಡಿಲ್ಲ. "ವಿಶೇಷ ಕಾರ್ಯಕ್ರಮ, ಜೊತೆಗೆ ಸಾಧಕಿ ಪ್ರಶಸ್ತಿ, ಪ್ಯಾಕೇಜ್ ಇಷ್ಟು" ಅಂದರೆ ಅದು ಜಾಹೀರಾತು. ಬೇಕಿದ್ದರೆ ಮಾಡಬಹುದು, ಆದರೆ ಜಾಹೀರಾತು ಅಂತ ತಿಳಿದು ಮಾಡಿ.

ತುಮಕೂರು_ಮಾಲ್ಟ್:

ಇನ್ನೊಂದು ಮಾತು ಸೇರಿಸುತ್ತೇನೆ. ಪ್ರಸಾರ ಆದ ಮರುದಿನಕ್ಕೆ ತಯಾರಾಗಿ. ಕರೆಗಳು ಒಂದರ ಮೇಲೊಂದು ಬರುತ್ತವೆ. ಅಕ್ಕನ ಸ್ವಂತ ನಂಬರ್ ಕೊಡಬೇಡಿ, ಆರ್ಡರ್‌ಗೆ ಬೇರೆ ಸಿಮ್ ಇರಲಿ, ವಾಟ್ಸಾಪ್ ಬಿಸಿನೆಸ್‌ನಲ್ಲಿ ರೇಟು ಮೊದಲೇ ಹಾಕಿಡಿ. ಆಗದಷ್ಟು ಆರ್ಡರ್ ಒಪ್ಪಿಕೊಳ್ಳಬೇಡಿ. ನಾನು ಒಪ್ಪಿಕೊಂಡು, ಅವಸರದಲ್ಲಿ ಸರಿಯಾಗಿ ಒಣಗದ ಹಿಟ್ಟು ಪ್ಯಾಕ್ ಮಾಡಿ, ನಲವತ್ತು ಪ್ಯಾಕೆಟ್ ವಾಪಸ್ ತೆಗೆದುಕೊಂಡೆ. ಖಡಕ್ ರೊಟ್ಟಿಗೂ ಅದೇ ಅಲ್ವಾ, ಪೂರಾ ಗರಿಯಾಗದೆ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ.

ಧಾರವಾಡದ_ತಮ್ಮ:

ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಶೂಟಿಂಗ್ ಮುಗಿಯಿತು. ದುಡ್ಡು ಕೇಳಲಿಲ್ಲ, ಸುದ್ದಿಯೇ.

ಎರಡು ದಿನ ಅಭ್ಯಾಸ ಮಾಡಿಸಿದ್ದು ನಾನಲ್ಲ, ನಿಜ ಹೇಳಬೇಕೆಂದರೆ. ನಾನು ಕೇಳಿದರೆ ಅವಳಿಗೆ ನಾಚಿಕೆ. ಜೊತೆಗೆ ಕೆಲಸ ಮಾಡುವ ಚಿಕ್ಕಮ್ಮನೊಬ್ಬರು ಲಟ್ಟಣಿಗೆಯನ್ನೇ ಮೈಕ್ ಹಾಗೆ ಹಿಡಿದು ಒಂದೊಂದೇ ಪ್ರಶ್ನೆ ಕೇಳಿದರು, ಉಳಿದವರೂ ದನಿಗೂಡಿಸಿದರು. ಮಂಗಳವಾರ "ಎಂಟು" ಅನ್ನುತ್ತಿದ್ದ ಅಕ್ಕ ಬುಧವಾರ ಸಂಜೆಗೆ ಎಂಟೂ ಜನರ ಹೆಸರು ಹಿಡಿದು ಹೇಳುತ್ತಿದ್ದಳು.

ವರದಿಗಾರರು ಮೊದಲು ಅಂಗಳದಲ್ಲಿ ಕುರ್ಚಿ ಕೇಳಿದರು. ಅಕ್ಕನೇ "ಇಲ್ಲೇ ಒಲಿ ಮುಂದ ಬರ್ರಿ, ರೊಟ್ಟಿ ಮಾಡಕೋತ ಮಾತಾಡ್ತೀನಿ" ಅಂದಳು. ಎಸರು ಕುದಿಯುತ್ತಿತ್ತು. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದು, ಆ ಬಿಸಿಯಲ್ಲೇ ನಾದುತ್ತಾ ಮಾತು ಶುರು ಮಾಡಿದಳು. ಮುಂಗಾರಿ ಜೋಳ ಯಾಕೆ ತರುವುದಿಲ್ಲ, ಹಿಂಗಾರಿ ಬಿಳಿಜೋಳದ ಹಿಟ್ಟು ಹೇಗೆ ಜಿಗಿ ಹಿಡಿಯುತ್ತದೆ ಅಂತ ತೋರಿಸಿದಳು. ಒಂದು ಸಲ ರೊಟ್ಟಿಯ ಅಂಚು ಹರಿಯಿತು. ಕ್ಯಾಮೆರಾ ಇದೆ ಅನ್ನುವುದನ್ನೇ ಮರೆತವಳ ಹಾಗೆ ಬೆರಳು ಒದ್ದೆ ಮಾಡಿ ಅದನ್ನು ಕೂಡಿಸಿ ಮತ್ತೆ ಬಡಿದಳು.

ಶುಗರ್ ಪ್ರಶ್ನೆ ಬಂತು. ಬಾಗಿಲ ಹೊರಗೆ ನಿಂತಿದ್ದ ನನಗೆ ಎದೆ ಹೊಡೆದುಕೊಂಡಿತು. ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಗುಳಿಗಿ ಡಾಕ್ಟರ್ ಕೊಡ್ತಾರ್ರಿ, ನಾನು ರೊಟ್ಟಿ ಕೊಡ್ತೀನಿ" ಅಂದಳು. ನಾವು ಹೇಳಿಕೊಟ್ಟ ಮಾತು ಅದಲ್ಲ, ಅವಳದೇ. ಆದಾಯ ಕೇಳಿದಾಗ ಮಾತ್ರ ಸ್ವಲ್ಪ ತಡೆದಳು, ಆಮೇಲೆ 1,200 ರೊಟ್ಟಿ ಅಂದು ಸುಮ್ಮನಾದಳು. ಅವರೂ ಬಿಟ್ಟರು.

ಪ್ರಸಾರ ಮುಂದಿನ ವಾರ ಅಂತೆ, ದಿನ ಹೇಳಿಲ್ಲ. ಪತ್ರಿಕೆಯವರ ಫೋನ್ ಇನ್ನೂ ಬಂದಿಲ್ಲ, ಅಂಕಿಯ ಚೀಟಿ ಬರೆದು ಗಿರಣಿ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಹೊಸ ಸಿಮ್ ತೆಗೆದುಕೊಳ್ಳಲು ಈಗ ಧಾರವಾಡಕ್ಕೆ ಹೊರಟಿದ್ದೇನೆ.